ಒಬ್ಬ ನಾಗರಿಕನ ಪರವಾಗಿ

ಅಲ್ ಗುಬ್ರಾ, ಮಸ್ಕತ್
19-2-1988

ಅಕ್ಕಾ,

ವಸಂತಿ, ಮಗು, ನಾನು ಮೂವರೂ ಸುಖವಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಮಗೇ ಏನೋ ಆಗಿದೆ ಎಂದು ನೀನು ಹೆದರಬಾರದು.

ನಮ್ಮ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಯೂಸುಫ್ ಎಂಬವನಿದ್ದಾನೆ. ವಸಂತಿ ಆಸ್ಪತ್ರೆಯಲ್ಲಿದ್ದಾಗ ಮಗುವನ್ನು ದಿನಾ ಸ್ಕೂಲಿಗೆ ಡ್ರಾಪ್ ಮಾಡುತ್ತಿದ್ದವನು ಅವನೇ. ಪ್ಯಾಲೆಸ್ತೀನಿನವನು, ನಾಬ್ಲಸ್ ಹತ್ತಿರದ ಒಂದು ಹಳ್ಳಿ. ಕೈಯಲ್ಲಿರುವುದು ಜೋರ್ಡಾನ್ ಪಾಸ್‌ಪೋರ್ಟ್. ಊರು ಇಪ್ಪತ್ತು ವರ್ಷದಿಂದ ಇಸ್ರೇಲ್ ಮಿಲಿಟರಿಯ ಕಂಟ್ರೋಲಿನಲ್ಲಿದೆ. ಅಲ್ಲಿ ತಾಯಿ ಮತ್ತು ತಮ್ಮ ನಬೀಲ್ ಇದ್ದಾರೆ. ನಬೀಲ್ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ಟರು.

ಡಿಸೆಂಬರಿನಿಂದ ಅಲ್ಲಿ ನಡೆಯುತ್ತಿರುವ ಗಲಾಟೆಯನ್ನು ನೀನು ಪೇಪರಿನಲ್ಲಿ ಓದಿರಬೇಕು. ಹೋದ ತಿಂಗಳು ನಬೀಲನನ್ನು ಮನೆಯಿಂದ ಎತ್ತಿಕೊಂಡು ಹೋದರು. ಈಗ ಡಿಪೋರ್ಟೇಶನ್ ಆರ್ಡರ್ ಆಗಿದೆ. ಗಡಿಯ ಆಚೆ ಬಿಟ್ಟುಬಿಡುತ್ತಾರೆ, ಮತ್ತೆ ಊರಿಗೆ ಬರುವ ಹಾಗಿಲ್ಲ. ಎರಡು ವರ್ಷದ ಹಿಂದೆ ಜೋರ್ಡಾನಿನ ಅಮ್ಮಾನಿಗೆ ಹೋಗಿ ಆಯುಧದ ಟ್ರೈನಿಂಗ್ ತೆಗೆದುಕೊಂಡ ಎಂಬುದು ಚಾರ್ಜ್. ನಿಜವೆಂದರೆ ಅವನು ತಾಯಿಯ ಕಣ್ಣಿನ ಆಪರೇಶನ್ನಿಗೆ ಹೋಗಿದ್ದ. ಯೂಸುಫ್ ಕೂಡ ಲೀವ್ ಹಾಕಿ ಹೋಗಿದ್ದ. ಇಬ್ಬರೂ ಒಂದೇ ರೂಮಿನಲ್ಲಿದ್ದರು. 'ಟ್ರೈನಿಂಗಾ?' ಎಂದ ಯೂಸುಫ್. 'ನನ್ನ ಸಿಗರೇಟು ಕದಿಯುವುದಕ್ಕೆ ಬಿಟ್ಟರೆ ಅವನು ಮಂಚದಿಂದ ಎದ್ದದ್ದಿಲ್ಲ.'

ಇದನ್ನು ಹೇಳಬಲ್ಲವನು ಯೂಸುಫ್ ಒಬ್ಬನೇ. ಜೆರುಸಲೇಮಿನಲ್ಲಿ ಇಂಥವರಿಗೆ ಪುಕ್ಕಟೆಯಾಗಿ ಕೇಸು ನಡೆಸುವ ಒಂದು ಆಫೀಸು ಉಂಟು. ಅಲ್ಲಿ ಜೇನ್ ಎಂಬ ಇಂಗ್ಲಿಷ್ ಹೆಂಗಸಿದ್ದಾರೆ. ಇಂಗ್ಲಿಷಿನಲ್ಲಿ ಸ್ಟೇಟ್‌ಮೆಂಟ್ ಬೇಕೆಂದು ಅವರು ಅಮ್ಮಾನಿನ ಚಿಕ್ಕಮ್ಮನ ಮೂಲಕ ಹೇಳಿ ಕಳುಹಿಸಿದ್ದಾರೆ. ಆದರೆ ಇಲ್ಲಿಂದ ಅಲ್ಲಿಗೆ ಅಂಚೆ ಇಲ್ಲ, ಫೋನೂ ಇಲ್ಲ. ಅಮ್ಮಾನಿನಿಂದ ಜೋರ್ಡಾನ್ ನದಿಯ ಸೇತುವೆ ದಾಟಿ ಹೋಗುವವರ ಬಳಿ ಕಾಗದ ಸಿಕ್ಕಿದರೆ ತಂದವರನ್ನೇ ಹಿಡಿಯುತ್ತಾರಂತೆ. ಇಂಡಿಯಾದಿಂದ ಮಾತ್ರ ಪೋಸ್ಟ್ ಹೋಗುತ್ತದೆ.

ಯೂಸುಫನ ಇಂಗ್ಲಿಷ್ ಪೈಪು, ವಾಲ್ವುಗಳಿಗೆ ಸಾಕು, ಇದಕ್ಕೆ ಸಾಲದು. ನನ್ನದೂ ಅಷ್ಟೇ. ಅವನು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದು ಕಳುಹಿಸಿದರೆ ನೀನು ಇಂಗ್ಲಿಷ್ ಮಾಡಿ ಜೇನ್‌ಗೆ ಹಾಕುತ್ತೀಯಾ? ಕನ್ನಡವಾದರೆ ದಾರಿಯಲ್ಲಿ ಯಾರು ಒಡೆದು ನೋಡಿದರೂ ಜಿಲೇಬಿ ಕಂಡ ಹಾಗೆ ಕಾಣುತ್ತದೆ. ಬೇಡವೆಂದರೂ ಬೇಗ ಬರೆ.

ಬೋಜ

*

ಕಾರ್ಕಳ
2-3-1988

ಪ್ರೀತಿಯ ಬೋಜ,

ಮಾಡುತ್ತೇನೆ. ಮೂರು ವಿಷಯ ಮಾತ್ರ ಹೇಳಬೇಕು.

ಹೇಳಿಕೆಗೆ ಸಹಿ ಬೇಕಾಗುತ್ತದೆ. ನಾನು ಇಂಗ್ಲಿಷ್ ಮಾಡಿ ನಿನಗೆ ಕಳುಹಿಸಿ, ಅವನು ಸಹಿ ಮಾಡಿ ಮತ್ತೆ ನನಗೆ ಬಂದು, ಅಲ್ಲಿಂದ ಜೆರುಸಲೇಮಿಗೆ ಹೋಗಬೇಕೆಂದರೆ ಮಳೆಗಾಲ ಹಿಡಿಯುತ್ತದೆ. ಅವನಿಗೆ ಒಪ್ಪಿಗೆಯಾದರೆ ಖಾಲಿ ಹಾಳೆಯ ಕೆಳಗೆ ಸಹಿ ಮಾಡಿ ಕಳುಹಿಸಲಿ. ಮೇಲೆ ನಾನು ಟೈಪ್ ಮಾಡುತ್ತೇನೆ. ಕಾಣದ ಹೆಂಗಸಿನ ಕೈಗೆ ಖಾಲಿ ಹಾಳೆ ಕೊಡುವುದೆಂದರೆ ಏನೆಂದು ಅವನಿಗೆ ಸರಿಯಾಗಿ ತಿಳಿಸಿ ಕೇಳು. ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ.

ಅವನು ಹೇಳಿದ್ದನ್ನು ಮಾತ್ರ ಬರೆ. ನಿನಗೆ ಪಾಪ ಅನ್ನಿಸಿದ್ದನ್ನು ಸೇರಿಸಬೇಡ. ನಾನೂ ಸೇರಿಸುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ.

ಮೂರನೆಯದು, ಕನ್ನಡದಲ್ಲಿ ಬರೆಯುತ್ತೇನೆ ಎಂದಿದ್ದೀಯಲ್ಲ, ದಯವಿಟ್ಟು ಹಾಗೆಯೇ ಮಾಡು. ನಿನ್ನ ಕಾಗದದ ಇಂಗ್ಲಿಷ್ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾ ಹೋದೆ, ಅರ್ಧಕ್ಕೆ ಪೆನ್ಸಿಲು ಮೊಂಡಾಯಿತು. ಗಡೀಪಾರು ಎಂಬ ಮಾತು ಇರುವಾಗ ಡಿಪೋರ್ಟೇಶನ್ ಎಂದು ಬರೆಯುವುದು ಯಾಕೆ? ಅನುವಾದದ ಕಾದಂಬರಿಗಳನ್ನು ಓದುವಾಗಲೂ ನನಗೆ ಸಿಟ್ಟು ಬರುವುದು ಹೀಗೆ ಸೋಮಾರಿತನದಿಂದ ಬಿಟ್ಟ ಪದಗಳ ಮೇಲೆ.

ಅಂಚೆ ಕಚೇರಿಯಲ್ಲಿ ದರ ಕೇಳಿದೆ. ಗುಮಾಸ್ತ ಪುಸ್ತಕದಲ್ಲಿ ಹುಡುಕುತ್ತಾ, 'ಯೆರೂಸಲೇಮಾ ಟೀಚರ್? ಅದು ಈಗಲೂ ಉಂಟಾ?' ಎಂದ. ಉಂಟು ಎಂದೆ.

ಲೋಲಾಕ್ಷಿ

*

ಅಲ್ ಗುಬ್ರಾ
13-3-1988

ಅಕ್ಕಾ,

ಯೂಸುಫನ ಹೇಳಿಕೆ ಇದರ ಜೊತೆಗಿದೆ. ಸಹಿ ಮಾಡಿದ ಖಾಲಿ ಹಾಳೆ ಎರಡು ಇವೆ. ಒಂದು ಸಾಕಲ್ಲವೇ ಎಂದೆ. 'ಟೀಚರಲ್ಲವಾ, ಒಂದನ್ನು ಹರಿದು ಹಾಕುತ್ತಾರೆ' ಎಂದು ನಕ್ಕು ಎರಡಕ್ಕೂ ಸಹಿ ಹಾಕಿದ. ನೀನು ಹೇಳಿದ ಎಚ್ಚರಿಕೆಯನ್ನು ಪೂರ್ತಿ ಹೇಳಿದೆ. 'ನನ್ನ ಮನೆಯ ಬೀಗದ ಕೈಯೇ ಬೇರೆಯವರ ಹತ್ತಿರ ಉಂಟು, ಕಾಗದ ಯಾವ ಲೆಕ್ಕ' ಎಂದ.

ಒಂದು ಮಾತಿಗೆ ಬಹಳ ಕಷ್ಟಪಟ್ಟೆವು. 'ಹುವ ಮದನಿ, ಬೋಜಾ. ಮದನಿ. ಬರೆ, ಬರೆ' ಎಂದು ಮೇಜು ಗುದ್ದಿದ. ಹುವ ಎಂದರೆ ಅವನು, ಅಷ್ಟು ತಿಳಿಯಿತು. ನನಗೆ ಗೊತ್ತಿರುವ ಮದನಿ ಉಳ್ಳಾಲದ ದರ್ಗಾದವರು. ಅಷ್ಟರಲ್ಲಿ ನಮ್ಮ ಕಂಪೆನಿಯ ಡ್ರೈವರ್ ಇಸುಬು ಬಂದ, ಅವನೂ ಉಳ್ಳಾಲದವನೇ.

'ದರ್ಗಾದ್ದಲ್ಲ ಮಾರಾಯ, ನಿನ್ನ ತಲೆ! ಮದೀನಾ ಅಂದ್ರೆ ಪೇಟೆ. ಮದನಿ ಅಂದ್ರೆ ಪೇಟೆಯವ.'

'ಅವನ ತಮ್ಮ ಹಳ್ಳಿಯವನಲ್ಲವಾ?'

'ಅಯ್ಯೋ, ನಿಂಗೆ ಕನ್ನಡವೂ ಬರೂದಿಲ್ಲ, ಅರಬಿಯೂ ಬರೂದಿಲ್ಲ.'

ನನಗೆ ಅರ್ಥ ಹೊಳೆಯಿತು. ಆಫೀಸಿನಲ್ಲಿ ದಿನಾ ಕೇಳುವ ಇಂಗ್ಲಿಷ್ ಪದ ಪೆನ್ನಿನ ತುದಿಗೂ ಬಂತು. ನಿನ್ನ ಬೈಗುಳ ನೆನಪಾಗಿ ನುಂಗಿಕೊಂಡೆ. ಮದೀನಾದಿಂದ ಮದನಿ ಆದ ಹಾಗೆ ನಗರದಿಂದ ನಾಗರಿಕ! ಅರಬಿಯವರಿಗೂ ನಮಗೂ ಒಂದೇ ಲೆಕ್ಕ. ಒಂದೇ ಒಂದು ಇಂಗ್ಲಿಷ್ ಪದವಿಲ್ಲದೆ ಇಡೀ ಹೇಳಿಕೆ ಬರೆದಿದ್ದೇನೆ. ಪೆನ್ಸಿಲು ಹಿಡಿದು ಹುಡುಕು.

ಬೋಜ

[ಜೊತೆಗಿದ್ದ ಹೇಳಿಕೆಯ ಕೊನೆಯ ಭಾಗ]

... ಆ ಮೂರು ವಾರ ನನ್ನ ತಮ್ಮ ನಬೀಲ್ ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ. ಬೆಳಗ್ಗೆ ಆಸ್ಪತ್ರೆ, ಸಂಜೆ ಚಿಕ್ಕಮ್ಮನ ಮನೆ. ಇವಲ್ಲದೆ ಅವನು ಬೇರೆಲ್ಲಿಗೂ ಹೋಗಲಿಲ್ಲ, ಯಾರನ್ನೂ ಕಾಣಲಿಲ್ಲ. ಅವನು ಯಾವ ಪಕ್ಷದ ಮುಖಂಡನೂ ಅಲ್ಲ. ಅಮ್ಮಾನಿನಲ್ಲಿದ್ದ ಅಷ್ಟು ದಿನವೂ ಅವನು ಒಬ್ಬ ನಾಗರಿಕನಾಗಿಯೇ ಇದ್ದ. ನಾಗರಿಕನಿಗೆ ಸಲ್ಲಬೇಕಾದ ರಕ್ಷಣೆಯನ್ನು ಅವನಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

*

ಕಾರ್ಕಳ
28-3-1988

ಪ್ರೀತಿಯ ಬೋಜ,

ರಿಜಿಸ್ಟರ್ ಮಾಡಿ ಕಳುಹಿಸಿದ್ದೇನೆ. ಆಲ್ಬಿನಾ ಬಾಯಿಯ ಟೈಪಿಂಗ್ ಶಾಲೆಯಲ್ಲಿ, ಮಕ್ಕಳೆಲ್ಲ ಹೋದ ಮೇಲೆ ನಾನೇ ಕುಳಿತು ಟೈಪ್ ಮಾಡಿದೆ.

ನಿನ್ನ ಕನ್ನಡದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹೇಳಬೇಕಾದ್ದೇ. ಆಸ್ಪತ್ರೆ, ಕೋಣೆ, ಚಿಕ್ಕಮ್ಮನ ಮನೆ ಎಲ್ಲ ಇದ್ದ ಹಾಗೆಯೇ ಬಂದಿವೆ. ಅವನು ನಾಗರಿಕನಾಗಿಯೇ ಇದ್ದ, ನಾಗರಿಕನಿಗೆ ಸಲ್ಲುವ ರಕ್ಷಣೆ ಕೊಡಿ ಎಂಬ ಕೊನೆಯ ಎರಡು ವಾಕ್ಯಗಳನ್ನು ಪದ ಬಿಡದೆ ಇಟ್ಟಿದ್ದೇನೆ. ಬಹಳ ಒಳ್ಳೆಯ ವಾಕ್ಯಗಳು.

ಜೇನ್ ಎಂಬ ಹೆಸರು ಕೇಳಿ ಆಲ್ಬಿನಾ ಬಾಯಿ, 'ತುಪ್ಪದ ಜೇನಾ, ಹುಳದ ಜೇನಾ?' ಎಂದರು. ಉತ್ತರ ಬಂದ ಮೇಲೆ ತಿಳಿಯುತ್ತದೆ.

ಲೋಲಾಕ್ಷಿ

*

ಅಲ್ ಗುಬ್ರಾ
11-4-1988

ಅಕ್ಕಾ,

ನಿನ್ನ ಕಾಗದವನ್ನು ಯೂಸುಫನಿಗೆ ಓದಿ ಹೇಳಿದೆ. ಕೊನೆಯ ಎರಡು ವಾಕ್ಯಗಳನ್ನು ಮತ್ತೊಮ್ಮೆ ಹೇಳು ಎಂದ. ಮತ್ತೊಮ್ಮೆ ಹೇಳಿದೆ. ಕನ್ನಡದಲ್ಲೇ ಓದು, ಕೇಳುತ್ತೇನೆ ಎಂದ. ಓದಿದೆ. 'ಖಲಾಸ್. ಇನ್ನು ಅವರು ಏನು ಹೇಳಲು ಸಾಧ್ಯ?' ಎಂದ.

ಜೇನ್ ಏನಾದರೂ ಬರೆದರೆ ಅದೇ ದಿನ ನನಗೆ ಬರೆ. ಇವನು ದಿನಾ ಬೆಳಗ್ಗೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾನೆ. ಕೇಳುವುದಿಲ್ಲ, ನಿಲ್ಲುತ್ತಾನೆ ಅಷ್ಟೆ.

ಬೋಜ

*

ಅಲ್ ಗುಬ್ರಾ
9-5-1988

ಅಕ್ಕಾ,

ಒಂದು ತಿಂಗಳಾಯಿತು. ನಿನ್ನಿಂದ ಒಂದು ಸಾಲೂ ಇಲ್ಲ.

ಮೊದಲು ನಿನಗೆ ಜ್ವರವೇನೋ ಎಂದುಕೊಂಡೆವು. ವಸಂತಿಯ ಅಮ್ಮನ ಕಾಗದ ಬಂತು. ನಿನ್ನನ್ನು ಅನಂತಶಯನ ದೇವಸ್ಥಾನದ ಹತ್ತಿರ ಕಂಡದ್ದಾಗಿ, ನೀನು ಚೆನ್ನಾಗಿರುವುದಾಗಿ ಬರೆದಿದ್ದರು. ಹಾಗಾದರೆ ಏನು? ಪರದೇಶದ ಕಾಗದ ಬರುತ್ತದೆ ಎಂದು ಸ್ಕೂಲಿನಲ್ಲಿ ಯಾರಾದರೂ ಏನಾದರೂ ಅಂದರಾ? ಹೆದರಿಕೆಯಾದರೆ ಹೆದರಿಕೆ ಎಂದು ಬರೆ, ನಾನು ಬೇರೆ ದಾರಿ ನೋಡುತ್ತೇನೆ. ನಿನಗೆ ನಿನ್ನ ಪುಸ್ತಕದ ಒಳಗಿನ ಜನ ಸಾಯುವಾಗ ಮಾತ್ರ ಬೇಜಾರಾಗುವುದು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಗುತ್ತದೆ. ಹೀಗೆ ಬರೆಯಬಾರದು, ಆದರೆ ಬರೆದಾಯಿತು.

ರಂಜಾನ್ ಉಪವಾಸ. ಯೂಸುಫನಿಗೆ ನಾನು ಹೇಳಿರುವುದೇನೆಂದರೆ, ಅಕ್ಕ ಬರೆದಿದ್ದಾಳೆ, ಜೇನ್‌ಗೆ ಹೇಳಿಕೆ ಸಿಕ್ಕಿದೆ, ಎಲ್ಲ ಸರಿಯಾಗುತ್ತದಂತೆ. ಉಪವಾಸ ಹಿಡಿದವನ ಹತ್ತಿರ ನನ್ನಿಂದ ಸುಳ್ಳು ಹೇಳಿಸಿದೆ ನೀನು.

ಬೋಜ

*

ಕಾರ್ಕಳ
11-5-1988

ಬೋಜ,

ಇದನ್ನು ಕುಳಿತು ಓದು.

ಜೇನ್ ಅವರ ಪತ್ರ ಏಪ್ರಿಲ್ ಕೊನೆಯಲ್ಲೇ ಬಂತು. ನಿನಗೆ ಬರೆಯಲಿಲ್ಲ. ನಾನೇ ಸರಿಮಾಡಿ, ಸರಿಯಾಯಿತು ಎಂದು ಬರೆಯೋಣವೆಂದಿದ್ದೆ. ಆಗಲಿಲ್ಲ.

ಮೇಲ್ಮನವಿ ಕೇಳುವ ಸಮಿತಿಯ ಮುಂದೆ ಅವರು ಯೂಸುಫನ ಹೇಳಿಕೆಯನ್ನು ಇಟ್ಟರು. ಸರಕಾರದ ಕಡೆಯ ವಕೀಲ ಒಂದೇ ವಾಕ್ಯವನ್ನು ಎತ್ತಿಕೊಂಡನಂತೆ. ಅವನ ವಾದ ಇಷ್ಟು. 'ಅಮ್ಮಾನಿನಲ್ಲಿ ಇವನು ಅಲ್ಲಿಯ ಪ್ರಜೆಯಾಗಿ ಇದ್ದನೆಂದು ಸ್ವಂತ ಅಣ್ಣನೇ ಸಹಿ ಮಾಡಿ ಹೇಳುತ್ತಿದ್ದಾನೆ. ಪ್ರಜೆಗೆ ಸಲ್ಲುವ ರಕ್ಷಣೆಯನ್ನೂ ಕೇಳುತ್ತಿದ್ದಾನೆ. ಅದನ್ನು ಕೊಡಬೇಕಾದ್ದು ಜೋರ್ಡಾನ್. ಅವನನ್ನು ಅವನ ದೇಶಕ್ಕೆ ಕಳುಹಿಸುವುದು ಗಡೀಪಾರು ಹೇಗಾಗುತ್ತದೆ?'

ನೀನು ನಾಗರಿಕ ಎಂದು ಬರೆದಿದ್ದೆ. ನಾನು ಸಿಟಿಜನ್ ಎಂದು ಟೈಪ್ ಮಾಡಿದೆ. ಜೋರ್ಡಾನಿನ ಪಾಸ್‌ಪೋರ್ಟ್ ಎಂದು ನಿನ್ನ ಮೊದಲ ಕಾಗದದಲ್ಲಿತ್ತು, ಅದಕ್ಕೆ ಇದು ಸರಿಹೊಂದಿತು. ಅನುಮಾನವೇ ಬರಲಿಲ್ಲ. ಯೂಸುಫ್ ಹೇಳಿದ್ದು ಸಿವಿಲಿಯನ್ ಅಲ್ಲವೇ? ಸೈನಿಕನಲ್ಲದವನು, ಆಯುಧ ಹಿಡಿಯದವನು. ಇಂಗ್ಲಿಷಿನಲ್ಲಿ ಇವು ಎರಡು ಮಾತು. ನಮ್ಮಲ್ಲಿ ಎರಡಕ್ಕೂ ಒಂದೇ. ನೀನು ನುಂಗಿಕೊಂಡ ಆ ಒಂದು ಇಂಗ್ಲಿಷ್ ಪದವೇ ಬೇಕಾಗಿತ್ತು. ನುಂಗಿಸಿದವಳು ನಾನು. ಆಮೇಲೆ ನಿನಗೆ ಕನ್ನಡದಲ್ಲಿ ವರದಿ ಬರೆದಾಗ ಅದು ಮತ್ತೆ ನಾಗರಿಕ ಆಯಿತು. ನಿನಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಜೇನ್ ಒಪ್ಪಂದದ ಪ್ರತಿ ಕಳುಹಿಸಿದ್ದಾರೆ. ಯುದ್ಧಕಾಲದಲ್ಲಿ ಜನಸಾಮಾನ್ಯರನ್ನು ಕಾಪಾಡುವುದಕ್ಕಾಗಿ 1949ರಲ್ಲಿ ಜಿನೀವಾದಲ್ಲಿ ದೇಶಗಳು ಮಾಡಿಕೊಂಡದ್ದು. ಅದರ ನಲವತ್ತೊಂಬತ್ತನೆಯ ವಿಧಿ ಹೇಳುವುದೇನೆಂದರೆ, ಹಿಡಿದಿಟ್ಟುಕೊಂಡ ನೆಲದಿಂದ ಅಲ್ಲಿಯ ರಕ್ಷಿತ ಜನರನ್ನು, ಒಬ್ಬೊಬ್ಬರಾಗಿಯಾಗಲಿ ಗುಂಪಾಗಿಯಾಗಲಿ, ಗಡೀಪಾರು ಮಾಡಕೂಡದು, ಕಾರಣ ಏನೇ ಇರಲಿ. ರಕ್ಷಿತರು ಯಾರು? ಯಾವ ದೇಶದ ಕೈಗೆ ಸಿಕ್ಕಿದ್ದಾರೋ ಆ ದೇಶದ ಪ್ರಜೆಗಳಲ್ಲದವರು. ಅಂದರೆ ನಬೀಲ್ ಒಂದು ಅರ್ಥದಲ್ಲಿ ಅಲ್ಲಿಯ ನಾಗರಿಕನಲ್ಲ, ಅದಕ್ಕೇ ಇನ್ನೊಂದು ಅರ್ಥದ ನಾಗರಿಕನೆಂದು ಅವನಿಗೆ ರಕ್ಷಣೆ. ಕನ್ನಡದಲ್ಲಿ ಇದನ್ನು ಬರೆಯಲು ನಾನು ಮೂರು ಹಾಳೆ ಹಾಳುಮಾಡಿದೆ.

ಕಾನೂನಿನ ಪ್ರಕಾರ ನನ್ನ ಪದದಿಂದ ಏನೂ ಬದಲಾಗಬಾರದು, ಜೋರ್ಡಾನಿನ ಪ್ರಜೆಯಾದರೂ ಅವನು ರಕ್ಷಿತನೇ ಎಂದು ಜೇನ್ ಬರೆದಿದ್ದಾರೆ. ಆದರೆ ಕೇಳುವವರು ಕಾನೂನನ್ನು ಕೇಳಲು ಕುಳಿತಿಲ್ಲ, ನೆಪ ಕೇಳಲು ಕುಳಿತಿದ್ದಾರೆ, ನೆಪ ನಾವೇ ಕೊಟ್ಟೆವು ಎಂದೂ ಬರೆದಿದ್ದಾರೆ. ತಿದ್ದಿದ ಹೇಳಿಕೆ ಸಹಿಯೊಂದಿಗೆ ಕೂಡಲೇ ಬೇಕು.

ಎರಡನೆಯ ಹಾಳೆ ಇಲ್ಲ. ಮಾರ್ಚಿನಲ್ಲೇ ಟೈಪು ಮಾಡುವಾಗ ಒಂದನ್ನು ಕೆಡಿಸಿದ್ದೆ. ನಿನಗೆ ಹೇಳಿರಲಿಲ್ಲ. ಆ ಹಾಳೆಯ ಮೇಲಿನ ಅಕ್ಷರಗಳನ್ನು ಬ್ಲೇಡಿನಿಂದ ಕೆರೆದು ಮತ್ತೆ ಉಪಯೋಗಿಸಲು ಎರಡು ವಾರ ಪ್ರಯತ್ನಪಟ್ಟೆ. ಕಾಗದ ತೂತಾಯಿತು.

ತಂತಿ ಕೊಟ್ಟು ಜೇನ್‌ಗೆ ತಿಳಿಸಿದ್ದೇನೆ. ತಂತಿಗೆ ಸಹಿ ಇರುವುದಿಲ್ಲವಲ್ಲ. ಹಾಳೆ ಕಳುಹಿಸು. ನಾಲ್ಕು ಕಳುಹಿಸು.

ಲೋಲಾಕ್ಷಿ

*

ಅಲ್ ಗುಬ್ರಾ
28-5-1988

ಅಕ್ಕಾ,

ನಮ್ಮ ಕಾಗದಗಳು ಆಕಾಶದಲ್ಲಿ ಒಂದನ್ನೊಂದು ದಾಟಿರಬೇಕು. ನನ್ನದನ್ನು ಹರಿದುಬಿಡು.

ನಾನೂ ಒಂದನ್ನು ಹೇಳಿರಲಿಲ್ಲ. ಯೂಸುಫ್ ಈಗ ಇಲ್ಲಿಲ್ಲ. ಏಪ್ರಿಲಿನಲ್ಲಿ ಮ್ಯಾನೇಜರ್ ನಮ್ಮಿಬ್ಬರನ್ನೂ ಬೇರೆ ಬೇರೆ ಕರೆಸಿದ. 'ಆಫೀಸಿನಲ್ಲಿ ಕುಳಿತು ಯಾವ ಕಾಗದ ಬರೆಯುತ್ತೀರಿ?' ಎಂದ. ಅಕ್ಕನಿಗೆ ಎಂದೆ. 'ಅಕ್ಕನಿಗೆ ಬರೆಯಲು ಪ್ಯಾಲೆಸ್ತೀನಿ ಯಾಕೆ ಬೇಕು?' ಎಂದ. ನಮಗೆ ವೀಸಾ ಕೊಟ್ಟ ಕಫೀಲನಿಗೆ ಗೊತ್ತಾಗುವುದು ಬೇಡ, ನಿನಗೆ ಹೆಂಡತಿ ಮಕ್ಕಳಿದ್ದಾರೆ ಎಂದೂ ಹೇಳಿದ. ಅವನು ಕೆಟ್ಟವನಲ್ಲ, ಹೆದರಿದವನು. ಮರುವಾರ ಯೂಸುಫನನ್ನು ಸೂರ್ ಎಂಬ ದೂರದ ಕಡಲೂರಿನ ಸೈಟಿಗೆ ಹಾಕಿದರು. ಹಿಂದಿನ ಕಾಗದದಲ್ಲಿ ಅವನ ಹತ್ತಿರ ಸುಳ್ಳು ಹೇಳಿದೆ ಎಂದು ಬರೆದೆನಲ್ಲ, ಅದು ಫೋನಿನಲ್ಲಿ.

ನಿನ್ನೆ ಶುಕ್ರವಾರ ಇಸುಬುವಿನ ಕಾರಿನಲ್ಲಿ ಸೂರ್‌ಗೆ ಹೋದೆ. ದಾರಿಯುದ್ದಕ್ಕೂ ಇಸುಬು, 'ಅವತ್ತೇ ನನ್ನ ಹತ್ರ ಸರೀ ಕೇಳಿದ್ರೆ ಹೇಳ್ತಿದ್ದೆ, ನಾಗರಿಕ ಪಾಗರಿಕ ಅಂತ ದೊಡ್ಡ ಪಂಡಿತ' ಎಂದು ಬೈಯುತ್ತಲೇ ಇದ್ದ. ಕಡಲ ಬದಿಯಲ್ಲಿ ಮರದ ದೋಣಿ ಕಟ್ಟುವಲ್ಲಿ ಯೂಸುಫ್ ಸಿಕ್ಕಿದ. ಸುತ್ತಿಗೆ ಸದ್ದಿನಲ್ಲಿ ಕೂಗಿ ಕೂಗಿ ಹೇಳಬೇಕಾಯಿತು. ಎಲ್ಲ ಕೇಳಿ ಮೊದಲು ನಕ್ಕ.

'ಸಿಟಿಜನ್! ಬೋಜಾ, ನಲವತ್ತು ವರ್ಷದಿಂದ ಯಾರೂ ಕೊಡದ್ದನ್ನು ನಿನ್ನ ಅಕ್ಕ ಟೈಪ್ ಮಾಡಿ ಕೊಟ್ಟಿದ್ದಾಳೆ.'

ನಾನೂ ನಕ್ಕೆ. ಆಮೇಲೆ ನೋಡಿದರೆ ಅವನು ನಗುತ್ತಿರಲಿಲ್ಲ. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಇಸುಬುವಿನ ಬೆನ್ನ ಮೇಲೆ ಹಾಳೆ ಇಟ್ಟು ಸಹಿ ಹಾಕುತ್ತಾ ಹೋದ. ನಾಲ್ಕು ಸಾಕು ಎಂದರೂ ನಿಲ್ಲಿಸಲಿಲ್ಲ. ಏಳು ಇವೆ. 'ಯಲ್ಲಾ, ಹೋಗು, ಇವತ್ತೇ ಹಾಕು' ಎಂದ. ಊಟಕ್ಕೂ ಕರೆಯಲಿಲ್ಲ. ಅವನು ಹಾಗೆ ಮಾಡುವವನಲ್ಲ.

ಬರೆಯಬೇಕಾದ ವಾಕ್ಯ ಇದು: ಅವನು ಒಬ್ಬ ಸಿವಿಲಿಯನ್. ಜೋರ್ಡಾನ್ ಅವನ ದೇಶವಲ್ಲ. ಅವನ ದೇಶ ಅವನನ್ನು ಹಿಡಿದಿಟ್ಟಿರುವ ಊರೇ.

ಬೋಜ

*

ಕಾರ್ಕಳ
9-6-1988

ಬೋಜ,

ಹಾಳೆ ತಲುಪಿತು. ಅದೇ ದಿನ ಟೈಪ್ ಮಾಡಿ ಕಳುಹಿಸಿದೆ. ಇಂಗ್ಲಿಷ್ ಪ್ರತಿಯನ್ನೂ ಇದರಲ್ಲಿ ಇಟ್ಟಿದ್ದೇನೆ, ಇಸುಬುವಿಗೂ ತೋರಿಸು. ಮಿಕ್ಕ ಆರು ಹಾಳೆ ಕಪಾಟಿನಲ್ಲಿವೆ. ಅವು ಮನೆಯಲ್ಲಿರುವುದೇ ನನಗೆ ಭಯ.

ಮ್ಯಾನೇಜರ್ ಕರೆಸಿದ್ದನ್ನು ನೀನು ಆಗಲೇ ಹೇಳಬೇಕಿತ್ತು. ನಾನು ಹಾಗೆ ಹೇಳುವಂತಿಲ್ಲ ಎಂದು ಗೊತ್ತು.

ನಿನ್ನ ಹಿಂದಿನ ಕಾಗದವನ್ನು ಹರಿಯಲಿಲ್ಲ. ಅಪ್ಪ ಆ ಪುಸ್ತಕದ ಮಾತನ್ನು ನನ್ನ ಎದುರಿಗೂ ಹೇಳುತ್ತಿದ್ದರು.

ಲೋಲಾಕ್ಷಿ

*

ಕಾರ್ಕಳ
23-7-1988

ಬೋಜ,

ಜೇನ್ ಬರೆದಿದ್ದಾರೆ. ತಿದ್ದಿದ ಹೇಳಿಕೆ ತಲುಪಿದೆ, ಕಡತಕ್ಕೆ ಸೇರಿದೆ. ಸಮಿತಿ ಆದೇಶವನ್ನು ಎತ್ತಿಹಿಡಿದಿದೆ. ಆರೋಪಕ್ಕೆ ಆಧಾರವಾದ ಕಾಗದಗಳನ್ನು ಜೇನ್‌ಗೂ ತೋರಿಸಲಿಲ್ಲ. ಇನ್ನು ಮೇಲಿನ ನ್ಯಾಯಾಲಯ ಉಳಿದಿದೆ. ಆ ಜಿನೀವಾ ಒಪ್ಪಂದ ಎರಡನೆಯ ಮಹಾಯುದ್ಧದಲ್ಲಿ ನಡೆದಂಥ ಸಾಮೂಹಿಕ ಸಾಗಾಟಕ್ಕೆ ಮಾತ್ರ ಅನ್ವಯ, ಒಬ್ಬೊಬ್ಬರನ್ನು ಹೊರಹಾಕುವುದಕ್ಕೆ ಅಲ್ಲ ಎಂದು ಸರಕಾರದ ವಾದ. ಒಬ್ಬೊಬ್ಬರಾಗಿಯಾಗಲಿ ಎಂಬ ಮಾತು ಮೂಲದಲ್ಲೇ ಇದೆ. ನಾನು ನೋಡಿದ್ದೇನೆ. ಯಾವ ಅನುವಾದಕನೂ ಅದನ್ನು ಬೇರೆ ಮಾಡಲಾರ.

ಆ ಮೊದಲ ವಾಕ್ಯದಿಂದ ಹೀಗಾಯಿತೇ ಎಂದು ಕೇಳಿ ಬರೆದಿದ್ದೆ. 'ಅವರು ಮೊದಲೇ ತೀರ್ಮಾನಿಸಿದ್ದರು' ಎಂದಿದ್ದಾರೆ. ಇಲ್ಲ ಎಂದು ಬರೆದಿಲ್ಲ.

ಜೇನ್ ತಾಯಿಯನ್ನು ನೋಡಿ ಬಂದರಂತೆ. ಒಂದು ಕಣ್ಣು ಮಾತ್ರ ಕಾಣುತ್ತದೆ. ಮಗನಿಗೆ ಜೈಲಿನಲ್ಲಿ ಏನು ಕೊಡುತ್ತಾರೆ ಎಂದಷ್ಟೇ ಕೇಳಿದರಂತೆ.

ಲೋಲಾಕ್ಷಿ

*

ಅಲ್ ಗುಬ್ರಾ
27-8-1988

ಅಕ್ಕಾ,

ಈ ತಿಂಗಳ ಮೊದಲಿಗೆ ರೇಡಿಯೋದಲ್ಲಿ ಬಂದದ್ದನ್ನು ನೀನೂ ಕೇಳಿರಬೇಕು. ನದಿಯ ಆಚೆಯ ಆ ನೆಲಕ್ಕೂ ತನಗೂ ಇನ್ನು ಸಂಬಂಧವಿಲ್ಲ ಎಂದು ಜೋರ್ಡಾನ್ ಹೇಳಿಬಿಟ್ಟಿತು. ತನ್ನ ಪಾಸ್‌ಪೋರ್ಟಿನ ಗತಿ ಏನೆಂದು ಯೂಸುಫ್ ಯಾರನ್ನು ಕೇಳಿದರೂ ಉತ್ತರವಿಲ್ಲ.

ಹೋದ ವಾರ ಮನೆಗೆ ಫೋನು ಬಂತು. ಗರಗರ ಸದ್ದು. ಮಿಲ್ಲು ತಿರುಗಿದ ಹಾಗೆ. ಅದರ ಒಳಗಿಂದ ಯಾರೋ ಇಂಗ್ಲಿಷಿನಲ್ಲಿ, 'ಮಿಸ್ಟರ್ ಬೋಜಾ? ನಾನು ನಬೀಲ್. ನಿಮ್ಮ ಅಕ್ಕ ಚೆನ್ನಾಗಿದ್ದಾರಾ?' ಎಂದರು.

ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ. ವಸಂತಿ ಯಾರು ಯಾರು ಎಂದು ಕೇಳುತ್ತಾ ನಿಂತಿದ್ದಳು.

ಹೊರಹಾಕಿದರು ಅಕ್ಕಾ. ಮೇಲಿನ ನ್ಯಾಯಾಲಯವೂ ತಡೆಯಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಹೆಲಿಕಾಪ್ಟರಿನಲ್ಲಿ ಒಯ್ದು ಲೆಬನಾನಿನ ಒಂದು ರಸ್ತೆಯಲ್ಲಿ ಕೋಳ ಬಿಚ್ಚಿ ಬಿಟ್ಟರು. ಈಗ ಅಲ್ಲಿಯ ಕಣಿವೆಯ ಒಂದು ಊರಿನಲ್ಲಿದ್ದಾನೆ. ಔಷಧಿ ಅಂಗಡಿಯವನೊಬ್ಬ ಮಲಗಲು ಜಾಗ ಕೊಟ್ಟಿದ್ದಾನೆ. ಫೋನೂ ಆ ಅಂಗಡಿಯದೇ, ನಮ್ಮ ನಂಬರನ್ನು ಜೈಲಿನಲ್ಲೇ ಜೇನ್ ಕೊಟ್ಟಿದ್ದರಂತೆ. ಇಷ್ಟು ದಿನ ತಮ್ಮನ ಜೊತೆ ಒಂದು ಮಾತಾಡಲಾಗದ ಯೂಸುಫ್, ಮನೆಯಿಂದ ಎಳೆದು ಬಿಸಾಡಿದ ಮೇಲೆ ಈಗ ಫೋನಿನಲ್ಲಿ ಮಾತಾಡಬಹುದು.

ನಿನ್ನೆ ಶುಕ್ರವಾರ ಅವನು ಸೂರ್‌ನಿಂದ ಬಂದು ನಮ್ಮ ಮನೆಯಲ್ಲಿ ಕಾದು ಕುಳಿತ. ಫೋನು ಬಂತು. ಬಹಳ ಹೊತ್ತು ಅಣ್ಣ ತಮ್ಮ ಮಾತಾಡಲಿಲ್ಲ, ಬರೀ ಬೈದುಕೊಂಡರು. ನಬೀಲನ ಗಟ್ಟಿ ಧ್ವನಿ ನನಗೂ ಕೇಳಿಸುತ್ತಿತ್ತು. ಅವನು ಏನೋ ಹೇಳಿರಬೇಕು, ಇವನು, 'ಕಳ್ಳಾ, ಅಲ್ಲಿಯೂ ಸಿಗರೇಟು ಸಿಗುತ್ತದಾ?' ಎಂದು ಕೂಗಿದ.

ಫೋನು ಇಟ್ಟ ಮೇಲೆ ಯೂಸುಫ್ ಒಂದು ಮಾತು ಹೇಳಿದ. ನಿನಗೆ ಬರೆಯಬಾರದೆಂದಿದ್ದೆ. ಇನ್ನು ಏನನ್ನೂ ಮುಚ್ಚಿಡುವುದಿಲ್ಲವಾದ್ದರಿಂದ ಬರೆಯುತ್ತೇನೆ. 'ಆ ಮೊದಲಿನ ಪದವನ್ನು ಹಾಗೇ ಬಿಟ್ಟಿದ್ದರೆ, ಅಮ್ಮಾನಿಗಾದರೂ ಕಳುಹಿಸುತ್ತಿದ್ದರೋ ಏನೋ. ಅಲ್ಲಿ ಚಿಕ್ಕಮ್ಮ ಇದ್ದಳು' ಎಂದ. ನಿನ್ನ ಮೇಲಿನ ಸಿಟ್ಟಲ್ಲ. ಲೆಕ್ಕ ಹಾಕುವ ಹಾಗೆ ಹೇಳಿದ.

ಈಗ ಒಂದು ಉಪಕಾರ. ತಾಯಿಗೆ ಸುದ್ದಿ ಮುಟ್ಟಬೇಕು. ಅಲ್ಲಿಗೆ ದಾರಿ ನೀನೇ. ನಬೀಲ್ ಅಮ್ಮಾನಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾನೆ ಎಂದು ಬರೆಯಬೇಕಂತೆ. ಲೆಬನಾನ್ ಎಂದರೆ ಆ ಮುದುಕಿಗೆ ಬೇರೆ ಏನೂ ಕಣ್ಣಿಗೆ ಬರುವುದಿಲ್ಲ. ಆರು ವರ್ಷದ ಹಿಂದೆ ಅವಳ ಅಣ್ಣನ ಮನೆಯವರೆಲ್ಲ ಬೇರೂತಿನ ನಿರಾಶ್ರಿತರ ಕ್ಯಾಂಪಿನ ಕಗ್ಗೊಲೆಯಲ್ಲಿ ಹೋದರು. ಹೆಂಗಸರು, ಮಕ್ಕಳು, ಯಾರೂ ಉಳಿಯಲಿಲ್ಲ.

ಬೋಜ

*

ಕಾರ್ಕಳ
8-9-1988

ಪ್ರೀತಿಯ ಬೋಜ,

ಯೂಸುಫ್ ಹೇಳಿದ್ದನ್ನು ಬರೆದದ್ದು ಒಳ್ಳೆಯದಾಯಿತು. ಆ ಲೆಕ್ಕವನ್ನು ನಾನೂ ಹಾಕಿದ್ದೆ.

ಅಮ್ಮಾನ್ ಎಂದು ನಾನು ಬರೆಯಲಾರೆ. ಒಂದು ಸಲ ಅವನನ್ನು ಅಲ್ಲಿಯವನನ್ನಾಗಿ ಮಾಡಿದ್ದೇನೆ, ಮತ್ತೆ ಮಾಡುವುದಿಲ್ಲ. ತಾಯಿ ನಾಳೆ ಜೇನ್ ಬಾಯಿಂದ ನಿಜ ಕೇಳಿದರೆ, ಆಮೇಲೆ ನಮ್ಮ ಯಾವ ಕಾಗದವನ್ನೂ ನಂಬುವುದಿಲ್ಲ. ಲೆಬನಾನ್ ಎಂದೂ ಬರೆದಿಲ್ಲ. ಹೀಗೆ ಬರೆದಿದ್ದೇನೆ:

'ಅಮ್ಮಾ, ನಿಮ್ಮ ಮಗನನ್ನು ಗಡಿಯ ಆಚೆ ಬಿಟ್ಟಿದ್ದಾರೆ. ಅವನ ಕೈಗೆ ಈಗ ಕೋಳವಿಲ್ಲ. ಒಬ್ಬರು ಒಳ್ಳೆಯವರ ಮನೆಯಲ್ಲಿದ್ದಾನೆ. ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿದ, ಇಬ್ಬರೂ ಬೈದುಕೊಂಡರು. ಧ್ವನಿ ಗಟ್ಟಿಯಾಗಿತ್ತು. ಊಟ ಮಾಡುತ್ತಿದ್ದಾನೆ.'

ಪ್ರತಿಯೊಂದು ವಾಕ್ಯವೂ ನಿನ್ನ ಕಾಗದದಲ್ಲಿದ್ದದ್ದೇ, ಕೊನೆಯದನ್ನು ಬಿಟ್ಟು. ಊಟದ ವಿಷಯ ನೀನು ಬರೆದಿರಲಿಲ್ಲ. ಆ ತಾಯಿ ಕೇಳುವುದು ಅದನ್ನೇ ಆದ್ದರಿಂದ ಸೇರಿಸಿದ್ದೇನೆ. ಕೇಳಿ ಖಚಿತಮಾಡು. ನಿನ್ನ ಉತ್ತರ ಬರುವವರೆಗೆ ಇದನ್ನು ಅಂಚೆಗೆ ಹಾಕುವುದಿಲ್ಲ. ಅಲ್ಲಿ ಅವರು ಕಾಯುತ್ತಿದ್ದಾರೆಂದು ಗೊತ್ತು. ಆದರೂ ಹಾಕುವುದಿಲ್ಲ.

ಲೋಲಾಕ್ಷಿ

*

ಅಲ್ ಗುಬ್ರಾ
24-9-1988

ಅಕ್ಕಾ,

ಖಚಿತಮಾಡಲು ಆಗಲಿಲ್ಲ.

ನಬೀಲ್ ಶುಕ್ರವಾರಕ್ಕೆ ಫೋನು ಮಾಡುತ್ತೇನೆ ಎಂದಿದ್ದ. ನಾಲ್ಕು ಶುಕ್ರವಾರವಾಯಿತು, ಬರಲಿಲ್ಲ. ನಾವೇ ಮಾಡಿದರೆ ಔಷಧಿ ಅಂಗಡಿಯಲ್ಲಿ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಆ ಕಡೆ ಬಾಂಬು ಹಾಕಿದರೆಂದು ಒಂದು ದಿನ ಬಿಬಿಸಿಯಲ್ಲಿ ಬಂತು. ಅದೇ ಊರೋ ಬೇರೆಯದೋ ತಿಳಿಯದು. ಲೈನು ಕೆಟ್ಟಿರುತ್ತದೆ ಎಂದು ಇಸುಬು ಹೇಳುತ್ತಾನೆ. ಲೈನು ಕೆಟ್ಟರೆ ರಿಂಗಾಗುತ್ತದಾ ಎಂದು ನಾನು ಕೇಳಲಿಲ್ಲ.

ನಿನ್ನ ಕಾಗದವನ್ನು ಯೂಸುಫನಿಗೆ ಓದಿ ಹೇಳಿದೆ. ಅಮ್ಮಾನ್ ಬೇಡವೆಂದದ್ದನ್ನು ಅವನು ಒಪ್ಪಿಕೊಂಡ. ಕೋಳ ಸರಿ, ಒಳ್ಳೆಯವರ ಮನೆ ಸರಿ, ಬೈದದ್ದೂ ಸರಿ. ಕೊನೆಯ ವಾಕ್ಯಕ್ಕೆ ಮಾತ್ರ ತಲೆ ಅಲ್ಲಾಡಿಸಿದ.

'ಊಟ ಮಾಡುತ್ತಿದ್ದಾನೆ ಎಂದರೆ ಅಮ್ಮ ನಂಬುವುದಿಲ್ಲ. ಏನು ತಿಂದ ಎಂದು ಬರೆಯಬೇಕು.'

'ಅವನಿಗೆ ಏನಿಷ್ಟ?' ಎಂದೆ.

'ಹುಚ್ಚಾ, ಇಷ್ಟವಾದದ್ದನ್ನು ಬರೆದರೆ ಸುಳ್ಳೆಂದು ಆ ಕ್ಷಣವೇ ಗೊತ್ತಾಗುತ್ತದೆ. ಬೆಂಡೆಕಾಯಿ ಎಂದು ಬರೆಸು. ಚಿಕ್ಕಂದಿನಿಂದಲೂ ಬೆಂಡೆಕಾಯಿ ಕಂಡರೆ ಮನೆ ಬಿಟ್ಟು ಓಡುತ್ತಿದ್ದ. ಬೆಂಡೆಕಾಯಿ ತಿಂದ ಎಂದರೆ, ಪಾಪ, ಹಸಿವೆಗೆ ತಿಂದಿದ್ದಾನೆ, ಬದುಕಿದ್ದಾನೆ ಎಂದು ನಂಬುತ್ತಾಳೆ.'

ನಬೀಲ್ ಬೆಂಡೆಕಾಯಿ ತಿಂದನೋ ಇಲ್ಲವೋ ನಮಗೆ ಗೊತ್ತಿಲ್ಲ ಅಕ್ಕಾ. ಊಟ ಮಾಡಿದನೋ ಇಲ್ಲವೋ ಅದೂ ಗೊತ್ತಿಲ್ಲ. ನಿನಗೆ ಹೇಳಿದ್ದೇನೆ. ಇನ್ನು ನಿನಗೆ ತೋರಿದ ಹಾಗೆ ಮಾಡು.

ಬೋಜ

*

ಕಾರ್ಕಳ
5-10-1988

ಬೋಜ,

ಬೆಂಡೆಕಾಯಿ ಎಂದೇ ಬರೆದೆ. ತಾಯಿಗೆ ನಂಬಲು ಕಷ್ಟವಾಗದಿರಲೆಂದು ಸ್ವಲ್ಪ ತಟ್ಟೆಯಲ್ಲೇ ಬಿಟ್ಟ ಎಂದೂ ಸೇರಿಸಿದೆ. ಈಗ ಅಂಚೆಗೆ ಹಾಕಿ ಬಂದೆ.

ಫೋನು ಬಂದರೆ ತಿಳಿಸು. ಬರದಿದ್ದರೂ ತಿಳಿಸು.

ಲೋಲಾಕ್ಷಿ